ಪಹಣಿಯ ಕಥೆ

ಒಕ್ಕಲುತನದ ಮನೆಗಳಲ್ಲಿ ಬೆಲೆಬಾಳುವ ವಸ್ತುಗಳನ್ನು ಕಾಪಾಡಲು ಹಳೆಯ ಪೆಟ್ಟಿಗೆಯೊಂದು ಇರುವುದು ವಾಡಿಕೆ. ಅದರಲ್ಲಿ ಒಡವೆಗಳು ಇರಬಹುದು, ಇಲ್ಲದಿರಬಹುದು. ಆದರೆ ಜಮೀನಿನ ಕಾಗದಪತ್ರಗಳ ಕಟ್ಟೊಂದು ಇದ್ದೇ ಇರುತ್ತದೆ. ಆ ಕಟ್ಟಿನಲ್ಲಿ ಮತ್ತೆ ಮತ್ತೆ ಬಿಚ್ಚಿ ನೋಡುವ ಹಾಳೆಯೆಂದರೆ ಪಹಣಿ. 'ಹಕ್ಕು, ಗೇಣಿ ಮತ್ತು ಬೆಳೆಗಳ ದಾಖಲೆ' ಎಂಬುದು ಅದರ ಪೂರ್ಣ ಹೆಸರು. ಕಚೇರಿಗಳಲ್ಲಿ ಅದನ್ನು ಆರ್.ಟಿ.ಸಿ. ಎನ್ನುವುದೂ ಉಂಟು.

ಹೊರನೋಟಕ್ಕೆ ಪಹಣಿಯು ಮನೆಗಳನ್ನು ಕೊರೆದ ಒಂದು ಸಾಧಾರಣ ನಮೂನೆಯಷ್ಟೆ. ಹೊಲದ ಸರ್ವೆ ನಂಬರು, ಹಿಸ್ಸಾ ನಂಬರು, ಎಕರೆ ಗುಂಟೆಗಳಲ್ಲಿ ವಿಸ್ತೀರ್ಣ, ಉಳುಮೆಗೆ ಬಾರದ ಖರಾಬು, ತೆರಬೇಕಾದ ಕಂದಾಯ, ಮಣ್ಣಿನ ಬಗೆ ಇವೆಲ್ಲ ಅದರಲ್ಲಿ ಸಾಲಾಗಿ ಬರುತ್ತವೆ. ಒಂಬತ್ತನೆಯ ಅಂಕಣದಲ್ಲಿ ಒಡೆಯನ ಹೆಸರು. ಹತ್ತನೆಯದರಲ್ಲಿ ಆ ಭೂಮಿ ಅವನಿಗೆ ಬಂದ ಬಗೆ. ಹನ್ನೊಂದನೆಯದರಲ್ಲಿ ಅದರ ಮೇಲಿರುವ ಸಾಲ ಮತ್ತಿತರ ಋಣಗಳು. ಹನ್ನೆರಡನೆಯದರಲ್ಲಿ ಉಳುವವನ ಹೆಸರು ಮತ್ತು ಬೆಳೆದ ಬೆಳೆ. ಬ್ಯಾಂಕಿನಲ್ಲಿ ಸಾಲ ಕೇಳುವಾಗ, ಮಳೆ ಹೋಗಿ ಬೆಳೆ ಒಣಗಿದ ವರ್ಷ ಪರಿಹಾರ ಬೇಡುವಾಗ, ಅಣ್ಣತಮ್ಮಂದಿರು ಪಾಲಾಗುವಾಗ, ಕಡೆಗೆ ನ್ಯಾಯಾಲಯದಲ್ಲಿ ಇನ್ನೊಬ್ಬರಿಗೆ ಜಾಮೀನು ನಿಲ್ಲುವಾಗಲೂ ಈ ಹಾಳೆಯೇ ಮುಂದೆ ಬರಬೇಕು. ಮಣ್ಣು ಹೊಲದಲ್ಲಿದ್ದರೂ ಅದರ ಮೇಲಣ ಹಕ್ಕು ಇರುವುದು ಈ ಹಾಳೆಯಲ್ಲಿ ಎಂದರೆ ಅತಿಶಯೋಕ್ತಿಯಾಗಲಾರದು.

ಕೊಳ್ಳೇಗಾಲದ ಸೀಮೆಯಲ್ಲಿ ಈ ಹಾಳೆಗೆ ಸ್ವಾರಸ್ಯವಾದ ಪೂರ್ವಚರಿತ್ರೆಯೊಂದುಂಟು. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಬಳಿಕ ಕೊಳ್ಳೇಗಾಲವು ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ, ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಜನರ ನುಡಿ ಕನ್ನಡವಾಗಿದ್ದರೂ ಕಂದಾಯದ ಕ್ರಮ ಮದರಾಸಿನದು. ಅಲ್ಲಿ ಪಟ್ಟಾ, ಚಿಟ್ಟಾ, ಅಡಂಗಲ್ ಎಂಬ ಲೆಕ್ಕಗಳು ನಡೆಯುತ್ತಿದ್ದವು. ಪಕ್ಕದ ಯಳಂದೂರಾದರೋ ಮೈಸೂರು ಸಂಸ್ಥಾನದ ಒಳಗೇ ಉಳಿಯಿತು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತು, ಅಲ್ಲಿಯದೇ ಆದ ಆಡಳಿತವನ್ನು ಕಂಡಿತು. ಒಂದು ಹಗಲಿನಲ್ಲಿ ನಡೆದು ಮುಟ್ಟಬಹುದಾದ ಎರಡು ಊರುಗಳಲ್ಲಿ ಹೊಲದ ಲೆಕ್ಕಕ್ಕೆ ಎರಡು ಬಗೆಯ ಪುಸ್ತಕಗಳು! 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಬಂದಿತು. 1964ರ ಭೂಕಂದಾಯ ಶಾಸನವು ಇಡೀ ರಾಜ್ಯಕ್ಕೆ ಒಂದೇ ಬಗೆಯ ದಾಖಲೆಯನ್ನು ಗೊತ್ತುಮಾಡಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚಿತವಾದುದು, ಹನೂರು ಪ್ರತ್ಯೇಕ ತಾಲ್ಲೂಕಾದುದು ಈಚಿನ ಮಾತು. ಹೀಗೆ ಆಳುವವರು ಬದಲಾದಂತೆಲ್ಲ ಪುಸ್ತಕಗಳು ಬದಲಾದವು. ಒಂದು ಪುಸ್ತಕದಿಂದ ಇನ್ನೊಂದಕ್ಕೆ ಕೈಬರಹದಲ್ಲಿ ಇಳಿಸುವಾಗ ಅಕ್ಷರ ತಪ್ಪುವುದು, ಗುಂಟೆ ತಪ್ಪುವುದು ಸಹಜವೇ ಆಗಿತ್ತು.

ಆ ಪುಸ್ತಕಗಳು ಯಾರ ಬಳಿ ಇರುತ್ತಿದ್ದವು ಎಂಬುದು ಇನ್ನೂ ಮುಖ್ಯವಾದ ಸಂಗತಿ. ಹಿಂದೆ ಅವು ವಂಶಪಾರಂಪರ್ಯವಾಗಿ ಬಂದ ಶಾನುಭೋಗರ ಮನೆಯಲ್ಲಿ ಇರುತ್ತಿದ್ದವು. ಆ ಹುದ್ದೆಗಳು ರದ್ದಾದ ಮೇಲೆ ಸರಕಾರದ ಸಂಬಳ ಪಡೆಯುವ ಗ್ರಾಮಲೆಕ್ಕಿಗರ ಕೈಗೆ ಬಂದವು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಕರ್ನಾಟಕದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರಿದ್ದರು. ಒಬ್ಬೊಬ್ಬರಿಗೆ ಮೂರು ನಾಲ್ಕು ಹಳ್ಳಿಗಳು. ಅವರಲ್ಲಿ ಪ್ರಾಮಾಣಿಕರು ಅನೇಕರಿದ್ದರು. ಆದರೂ ಪುಸ್ತಕವು ಒಬ್ಬರ ಚೀಲದಲ್ಲಿದ್ದು, ಅದನ್ನು ಬೇರೆಯವರು ನೋಡುವಂತಿಲ್ಲದಿದ್ದಾಗ, ಎಂಥ ಪ್ರಾಮಾಣಿಕನ ಮೇಲೂ ಸಂದೇಹ ಹುಟ್ಟುವುದು. ಅಪ್ರಾಮಾಣಿಕನಿಗಂತೂ ಅದು ಬಂಗಾರದ ಗಣಿಯೇ ಸರಿ. ಒಂದು ಪಹಣಿಯ ನಕಲಿಗೆ ಕೆಲವು ದಿನಗಳಿಂದ ಒಂದು ತಿಂಗಳವರೆಗೂ ಕಾಯಬೇಕಾಗುತ್ತಿತ್ತು. 'ಲೆಕ್ಕಿಗರು ಊರಲ್ಲಿಲ್ಲ' ಎಂಬ ಉತ್ತರ ಕೇಳಿ ಹಿಂದಿರುಗಿದ ರೈತನು ಅಂದಿನ ಕೂಲಿಯನ್ನೂ ಬಸ್ಸಿನ ಹಣವನ್ನೂ ಕಳೆದುಕೊಂಡಿರುತ್ತಿದ್ದನು.

ಈ ಸ್ಥಿತಿಯನ್ನು ಬದಲಾಯಿಸಲು ಕರ್ನಾಟಕ ಸರಕಾರವು ಕೈಗೊಂಡ ಯೋಜನೆಯೇ 'ಭೂಮಿ'. ಗಣಕಯಂತ್ರಕ್ಕೆ ಭೂದಾಖಲೆಗಳನ್ನು ತುಂಬುವ ಪ್ರಯತ್ನ ಅದಕ್ಕೆ ಮೊದಲೂ ನಡೆದಿತ್ತು. ಆದರೆ ಆಗ ಯಂತ್ರಗಳನ್ನು ಜಿಲ್ಲಾ ಕೇಂದ್ರಗಳಲ್ಲಿ ಇಡಲಾಗಿತ್ತು. ದಾಖಲೆಯ ತಿದ್ದುಪಡಿ ನಡೆಯುತ್ತಿದ್ದುದು ತಾಲ್ಲೂಕಿನಲ್ಲಿ. ಆದಕಾರಣ ತುಂಬಿದ ದಾಖಲೆಯು ಕೆಲವೇ ದಿನಗಳಲ್ಲಿ ಹಳಸಿಹೋಗುತ್ತಿತ್ತು. ಈ ಅನುಭವದಿಂದ ಪಾಠ ಕಲಿತು, ತಾಲ್ಲೂಕು ಕಚೇರಿಯಲ್ಲೇ ಯಂತ್ರವನ್ನಿಟ್ಟು, ಬದಲಾವಣೆಯೂ ಯಂತ್ರದ ಮೂಲಕವೇ ಆಗಬೇಕೆಂದು ವಿಧಿಸಿದುದು 'ಭೂಮಿ'ಯ ವಿಶೇಷ. ಕಂದಾಯ ಇಲಾಖೆಯ ಅಧಿಕಾರಿ ರಾಜೀವ್ ಚಾವ್ಲಾ ಅವರು ಇದರ ಮುಂದಾಳಾಗಿದ್ದರು. ರಾಷ್ಟ್ರೀಯ ಮಾಹಿತಿ ಕೇಂದ್ರದ ತಜ್ಞರು ತಂತ್ರಾಂಶವನ್ನು ರಚಿಸಿದರು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಮೊದಲು ಪರೀಕ್ಷಿಸಿ, 2002ರ ವೇಳೆಗೆ ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ಹರಡಲಾಯಿತು. ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿ ದಾಖಲೆಗಳು ಕೈಬರಹದಿಂದ ಯಂತ್ರಕ್ಕೆ ಏರಿದವು. ಏರಿಸುವ ಮುನ್ನ ಅಚ್ಚುಮಾಡಿದ ಪ್ರತಿಗಳನ್ನು ಗ್ರಾಮಲೆಕ್ಕಿಗರೂ ಕಂದಾಯ ನಿರೀಕ್ಷಕರೂ ಮೂಲದೊಡನೆ ಹೋಲಿಸಿ ತಿದ್ದಬೇಕಾಗಿದ್ದಿತು. ಈ ಶ್ರಮ ಎಷ್ಟೆಂಬುದನ್ನು ಹೊರಗಿನವರು ಊಹಿಸಲಾರರು.

ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿಯು ಅಚ್ಚಾಗಿ ಕೈಗೆ ಬರುವಂತಾಯಿತು. ಅಲ್ಲಿ ಒಂದು ಸಣ್ಣ ಏರ್ಪಾಡು ಗಮನಾರ್ಹವಾಗಿತ್ತು. ನೌಕರನ ಮುಂದೆ ಒಂದು ಪರದೆಯಿದ್ದಂತೆ, ಕಿಟಕಿಯ ಹೊರಗೆ ನಿಂತ ರೈತನ ಕಡೆಗೂ ಒಂದು ಪರದೆಯನ್ನು ತಿರುಗಿಸಿ ಇಡಲಾಗಿತ್ತು. ಒಳಗೆ ನಡೆಯುವುದು ಹೊರಗೂ ಕಾಣಬೇಕೆಂಬುದು ಅದರ ಉದ್ದೇಶ. ಹಕ್ಕು ಬದಲಾವಣೆಯ ಅರ್ಜಿಗಳನ್ನು ಮೊದಲು ಬಂದದ್ದು ಮೊದಲು ಎಂಬ ಸರದಿಯಲ್ಲೇ ವಿಚಾರಿಸುವಂತೆ ಯಂತ್ರವು ಕಟ್ಟುಮಾಡುತ್ತಿತ್ತು. ದಾಖಲೆಯನ್ನು ತಿದ್ದುವ ಅಧಿಕಾರಿ ತನ್ನ ಬೆರಳ ಗುರುತನ್ನು ಒತ್ತಿಯೇ ಒಳಹೋಗಬೇಕು. ಆದ್ದರಿಂದ ತಿದ್ದಿದವರು ಯಾರೆಂಬುದು ಅಳಿಯದೆ ಉಳಿಯುತ್ತಿತ್ತು. ಕೈಬರಹದ ಪಹಣಿಗೆ ಇನ್ನು ಮಾನ್ಯತೆ ಇಲ್ಲವೆಂದು ಸರಕಾರವು ಸಾರಿದುದರಿಂದ, ಹಳೆಯ ದಾರಿಗೆ ಮರಳುವ ಆಸೆಗೂ ಎಡೆ ಉಳಿಯಲಿಲ್ಲ.

ಮೊದಮೊದಲು ಪ್ರತಿಯೊಂದು ತಾಲ್ಲೂಕಿನ ದಾಖಲೆಗಳೂ ಆಯಾ ಕಚೇರಿಯ ಯಂತ್ರದಲ್ಲೇ ಇದ್ದವು. ಕೊಳ್ಳೇಗಾಲದ ಪಹಣಿ ಕೊಳ್ಳೇಗಾಲದಲ್ಲೇ ದೊರೆಯಬೇಕು. ಆ ಕಾಲದಲ್ಲಿ ಹನೂರು ಕೊಳ್ಳೇಗಾಲ ತಾಲ್ಲೂಕಿಗೇ ಸೇರಿದ್ದುದರಿಂದ, ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ರೈತರು ಒಂದು ಹಾಳೆಗಾಗಿ ಘಟ್ಟವಿಳಿದು ಬರಬೇಕಾಗಿತ್ತು. ಮುಂದೆ ಎಲ್ಲ ತಾಲ್ಲೂಕುಗಳ ದಾಖಲೆಗಳನ್ನು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಜೋಡಿಸಲಾಯಿತು. ಆಮೇಲೆ ಯಾವ ಊರಿನ ಪಹಣಿಯನ್ನು ಯಾವ ಊರಿನಲ್ಲಿ ನಿಂತಾದರೂ, ಅಂತರ್ಜಾಲದ ಮೂಲಕ ನೋಡುವುದು ಸಾಧ್ಯವಾಯಿತು. ಹೋಬಳಿಯ ನಾಡಕಚೇರಿ, 2022ರಿಂದೀಚೆಗೆ ಪಂಚಾಯಿತಿಗಳಲ್ಲಿ ತೆರೆದ 'ಗ್ರಾಮ ಒನ್' ಕೇಂದ್ರ ಇವೆಲ್ಲ ಸರಕಾರದ ಸೇವೆಗಳನ್ನು ಊರ ಬಾಗಿಲಿಗೆ ತಂದವು.

ಇಲ್ಲಿ 'ಕ್ಲೌಡ್', ಅಂದರೆ 'ಮೋಡ', ಎಂಬ ಮಾತಿನ ಅರ್ಥವನ್ನು ತಿಳಿಯಬೇಕು. ಈ ಮೋಡವು ಆಕಾಶದಲ್ಲಿ ಇರುವುದಲ್ಲ. ಅದನ್ನು ಅರಿಯಲು ಕೊಳ್ಳೇಗಾಲದವರು ದೂರ ಹೋಗಬೇಕಾದುದಿಲ್ಲ. ಅವರ ಗಡಿಯಲ್ಲೇ ಕಾವೇರಿಯು ಕವಲೊಡೆದು ಶಿವನಸಮುದ್ರದಲ್ಲಿ ಗಗನಚುಕ್ಕಿ ಭರಚುಕ್ಕಿಗಳಾಗಿ ಧುಮುಕುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜಿತವಾದ ಅಲ್ಲಿಯ ವಿದ್ಯುದಾಗಾರವು 1902ರಲ್ಲಿ ಕೆಲಸಮಾಡತೊಡಗಿ, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ವಿದ್ಯುತ್ತನ್ನು ಕಳುಹಿಸಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ದೀಪ ಬಂದಿತು. ಕೋಲಾರದ ಗಣಿಯವರು ತಮ್ಮಲ್ಲಿ ಜಲಪಾತವನ್ನು ಕಟ್ಟಿಕೊಳ್ಳಲಿಲ್ಲ. ದೂರದ ಯಂತ್ರ ತಿರುಗಿತು; ಅವರು ಶಕ್ತಿಯನ್ನು ಪಡೆದು ಬೆಲೆ ತೆತ್ತರು. ಅದೇ ರೀತಿ, ಎಲ್ಲೋ ಒಂದೆಡೆ ಸಾವಿರಾರು ಗಣಕಯಂತ್ರಗಳನ್ನು ಒಟ್ಟುಗೂಡಿಸಿ, ಅವುಗಳ ಸಂಗ್ರಹಶಕ್ತಿಯನ್ನೂ ಗಣನಶಕ್ತಿಯನ್ನೂ ಬೇಕಾದವರಿಗೆ ಬೇಕಾದಷ್ಟು ಅಳೆದುಕೊಡುವ ವ್ಯವಸ್ಥೆಯೇ ಕ್ಲೌಡ್. ಪ್ರತಿಯೊಂದು ಇಲಾಖೆಯೂ ಪ್ರತ್ಯೇಕ ಯಂತ್ರಗಳನ್ನು ಕೊಂಡು, ವರ್ಷದ ಬಹುಭಾಗ ಅವುಗಳನ್ನು ಸುಮ್ಮನೆ ಇಟ್ಟುಕೊಳ್ಳುವ ವ್ಯಯ ಇದರಿಂದ ತಪ್ಪುತ್ತದೆ. ಭಾರತ ಸರಕಾರವು ಇಂತಹ ತನ್ನ ವ್ಯವಸ್ಥೆಗೆ 'ಮೇಘರಾಜ' ಎಂದು ಹೆಸರಿಟ್ಟು, 2014ರಲ್ಲಿ ರಾಷ್ಟ್ರೀಯ ಕ್ಲೌಡನ್ನು ಆರಂಭಿಸಿತು.

ಅರ್ಜಿಯ ಕೊನೆಯ ದಿನ ಲಕ್ಷಾಂತರ ಜನ ಒಮ್ಮೆಗೇ ಬಂದರೂ ಯಂತ್ರವು ತಡೆದುಕೊಳ್ಳಬೇಕು ಎಂಬುದು ಕ್ಲೌಡಿನ ಗುರಿ. ಹಳ್ಳಿಯ ಜನ ಇದನ್ನು ಬೇರೆ ರೀತಿಯಲ್ಲಿ ಅರಿತಿದ್ದಾರೆ. 'ಸರ್ವರ್ ಇಲ್ಲ, ನಾಳೆ ಬನ್ನಿ' ಎಂಬ ಮಾತು ಇಂದು ಯಾವ ಕಚೇರಿಯ ಮುಂದೆ ನಿಂತರೂ ಕೇಳಿಬರುತ್ತದೆ. 'ಲೆಕ್ಕಿಗರು ಊರಲ್ಲಿಲ್ಲ' ಎಂಬುದರ ಜಾಗಕ್ಕೆ ಅದು ಬಂದು ಕುಳಿತಿದೆ ಎಂದು ಹಿರಿಯರು ನಗೆಯಾಡಿದರೆ ತಪ್ಪೆನ್ನಲಾಗದು.

ದಾಖಲೆಯು ಎಲ್ಲಿದೆ ಎಂಬ ಪ್ರಶ್ನೆಗೆ ಕ್ಲೌಡು ಉತ್ತರವಾದರೆ, ಅದು ಯಾರಿಗೆ ತೆರೆದಿದೆ ಎಂಬ ಪ್ರಶ್ನೆಗೆ 'ಮುಕ್ತ ದತ್ತಾಂಶ' ಎಂಬ ತತ್ತ್ವವು ಉತ್ತರ. ಸರಕಾರವು ಜನರ ಹಣದಿಂದ ಕೂಡಿಸಿದ ಅಂಕಿಅಂಶಗಳು, ನಕ್ಷೆಗಳು, ಅಳತೆಗಳು, ಗುಟ್ಟಾಗಿಡಲು ಕಾರಣವಿಲ್ಲದಿದ್ದರೆ, ಜನರಿಗೆ ತೆರೆದಿರಬೇಕು. ಬರಿಯ ಕಣ್ಣಿಗೆ ಕಾಣುವುದು ಮಾತ್ರವಲ್ಲ. ಇನ್ನೊಂದು ಯಂತ್ರವು ಓದಿ, ಲೆಕ್ಕ ಹಾಕಿ, ಹೊಸ ಉಪಯೋಗಕ್ಕೆ ತರುವಂತೆ ಇರಬೇಕು. ಭಾರತ ಸರಕಾರವು 2012ರಲ್ಲಿ ಈ ಬಗ್ಗೆ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು. ಆದರೆ ಎಲ್ಲವೂ ಮುಕ್ತವಾಗಬೇಕೆಂದು ಇದರ ಅರ್ಥವಲ್ಲ. ಜಮೀನು ಯಾರದೆಂಬುದು ನೆರೆಹೊರೆಯವರಿಗೆ ತಿಳಿದಿರುವುದು ನ್ಯಾಯ. ಅವನ ಬ್ಯಾಂಕಿನ ಖಾತೆ, ಆಧಾರ್ ಸಂಖ್ಯೆಗಳು ಹಾಗಲ್ಲ. ಇಂತಹ ಸ್ವಂತ ವಿವರಗಳ ರಕ್ಷಣೆಗೆಂದೇ 2023ರಲ್ಲಿ ಸಂಸತ್ತು ಶಾಸನವೊಂದನ್ನು ಮಾಡಿತು.

ಮುಕ್ತತೆಯ ಪ್ರಯೋಜನವು ಮಳೆಯ ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ. ಹನೂರಿನ ಕಡೆಯ ಬೇಸಾಯ ಬಹುಮಟ್ಟಿಗೆ ಮಳೆಯಾಶ್ರಿತ. ಕೊಳ್ಳೇಗಾಲ ಪಟ್ಟಣದಲ್ಲಿ ಸುರಿದ ಮಳೆ ರಾಮಾಪುರದ ರಾಗಿಯ ಹೊಲವನ್ನು ನೆನೆಸಬೇಕೆಂಬ ನಿಯಮವಿಲ್ಲ. ತಾಲ್ಲೂಕಿಗೆ ಕೆಲವೇ ಮಳೆಮಾಪಕಗಳಿದ್ದ ಕಾಲದಲ್ಲಿ, ಕಾಗದದ ಮೇಲೆ ಮಳೆ ಬಂದು ಹೊಲದಲ್ಲಿ ಬಾರದಿರುವ ವಿಪರ್ಯಾಸ ಉಂಟಾಗಬಹುದಾಗಿತ್ತು. 1988ರಲ್ಲಿ ಬರಗಾಲದ ನಿಗಾ ಘಟಕವಾಗಿ ಹುಟ್ಟಿದ ಈಗಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು, ಪಂಚಾಯಿತಿ ಪಂಚಾಯಿತಿಗೂ ಒಂದೊಂದರಂತೆ ರಾಜ್ಯದಲ್ಲಿ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿತು. ಅವು ಕಾಲುಗಂಟೆಗೊಮ್ಮೆ ಅಳೆದ ಮಳೆಯನ್ನು ಕೇಂದ್ರಕ್ಕೆ ತಿಳಿಸುತ್ತವೆ. ಆ ಲೆಕ್ಕ ಪ್ರಕಟವಾಗುವುದರಿಂದ ಬಿತ್ತನೆಯ ಕಾಲವನ್ನು ಗೊತ್ತುಮಾಡಿಕೊಳ್ಳಬಹುದು. ಹವಾಮಾನವನ್ನು ಆಧರಿಸಿದ ಬೆಳೆವಿಮೆಯ ಲೆಕ್ಕಕ್ಕೂ ಅದೇ ಆಧಾರ. 'ವರುಣಮಿತ್ರ' ಎಂಬ ದೂರವಾಣಿ ಸೇವೆಯಿಂದ, ಓದುಬರಹ ತಿಳಿಯದವನೂ ಮಾತಿನಲ್ಲೇ ಕೇಳಿ ತಿಳಿಯುವಂತಾಯಿತು. ಯಂತ್ರವು ಎಷ್ಟೇ ಜಾಣವಾಗಿರಲಿ, ಕೊನೆಯಲ್ಲಿ ಕನ್ನಡ ಬಲ್ಲ ಮನುಷ್ಯನೊಬ್ಬನು ಉತ್ತರ ಹೇಳುವ ಏರ್ಪಾಡೇ ಹಳ್ಳಿಗೆ ಹೆಚ್ಚು ಒಗ್ಗುತ್ತದೆ.

ಒಂದು ದತ್ತಾಂಶದ ಮೇಲೆ ಇನ್ನೊಂದನ್ನು ಕಟ್ಟುವುದೂ ಹೀಗೆಯೇ. ಸರ್ವೆ ಇಲಾಖೆಯ ಹಳೆಯ ಗ್ರಾಮನಕ್ಷೆಗಳನ್ನು ಉಪಗ್ರಹ ಚಿತ್ರದ ಮೇಲೆ ಹಾಸಿ, ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವು 'ದಿಶಾಂಕ' ಎಂಬ ಸೇವೆಯನ್ನು ರೂಪಿಸಿತು. ಮೊಬೈಲನ್ನು ಹಿಡಿದು ಹೊಲದಲ್ಲಿ ನಿಂತರೆ, ನಿಂತ ನೆಲದ ಸರ್ವೆ ನಂಬರು ತಿಳಿಯುತ್ತದೆ. ಅದು ಕೆರೆಯೋ ಗೋಮಾಳವೋ ಎಂಬುದೂ ತಿಳಿಯಬಹುದು. ಹಾಗೆಂದು ಬೇಲಿಯ ಜಗಳವನ್ನು ಮೊಬೈಲಿನಿಂದ ಬಗೆಹರಿಸಲಾಗದು. ಅದಕ್ಕೆ ಸರಪಳಿ ಹಿಡಿದ ಭೂಮಾಪಕನೇ ಬರಬೇಕು. 'ಫ್ರೂಟ್ಸ್' ಎಂಬ ಮತ್ತೊಂದು ವ್ಯವಸ್ಥೆಯು 'ಭೂಮಿ'ಯ ದಾಖಲೆಯನ್ನು ಆಧರಿಸಿ ರೈತನಿಗೊಂದು ಗುರುತಿನ ಸಂಖ್ಯೆ ಕೊಟ್ಟಿದೆ. 2020ರಿಂದ ರೈತನೇ ತನ್ನ ಹೊಲದ ಬೆಳೆಯ ಚಿತ್ರವನ್ನು ತೆಗೆದು ಕಳುಹಿಸುವ ಬೆಳೆ ಸಮೀಕ್ಷೆಯೂ ನಡೆದಿದೆ. ಹನ್ನೆರಡನೆಯ ಅಂಕಣವನ್ನು ತುಂಬುವ ಕೆಲಸದಲ್ಲಿ ಉಳುವವನ ಕೈಯೂ ಸೇರಿದುದು ಸಣ್ಣ ಬದಲಾವಣೆಯೇನೂ ಅಲ್ಲ.

ಇಷ್ಟಾದರೂ ಯಂತ್ರಕ್ಕೆ ಒಂದು ಮಿತಿಯುಂಟು. ಕೈಬರಹದಲ್ಲಿದ್ದ ತಪ್ಪನ್ನು ಅದು ತಿದ್ದದು. ತಪ್ಪನ್ನೇ ಅಂದವಾಗಿ ಅಚ್ಚುಮಾಡಿ ಕೊಡುತ್ತದೆ. ಲೊಕ್ಕನಹಳ್ಳಿ ಹೋಬಳಿಯ ಒಬ್ಬ ರೈತ ಮಹಿಳೆಯನ್ನು ಕಲ್ಪಿಸಿಕೊಳ್ಳಬಹುದು. ಮಾವ ತೀರಿಹೋಗಿ ಇಪ್ಪತ್ತು ವರ್ಷ, ಗಂಡ ತೀರಿಹೋಗಿ ಐದು ವರ್ಷ. ಎರಡು ಎಕರೆಯನ್ನು ಉತ್ತು ಬಿತ್ತುವವಳು ಆಕೆಯೇ. ಪಹಣಿಯ ಒಂಬತ್ತನೆಯ ಅಂಕಣದಲ್ಲಿ ಇಂದಿಗೂ ಮಾವನ ಹೆಸರು. ಬರಪರಿಹಾರದ ಹಣವು ಹೆಸರನ್ನು ನೋಡಿ ಬರುವುದೇ ಹೊರತು ಬೆವರನ್ನು ನೋಡಿ ಬರುವುದಿಲ್ಲ. ಹಿಂದೆ ಆಕೆಗೆ ಆ ಹಾಳೆಯಲ್ಲಿ ಏನಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಈಗ ಮಗಳು ಮೊಬೈಲಿನಲ್ಲಿ ಸರ್ವೆ ನಂಬರನ್ನು ಒತ್ತಿ ಓದಿಹೇಳುತ್ತಾಳೆ. ಇದು ದೊಡ್ಡ ಲಾಭವೇ ಸರಿ. ಆದರೆ ನೋಡುವುದು ಬೇರೆ, ತಿದ್ದಿಸುವುದು ಬೇರೆ. ಮರಣದ ದಾಖಲೆ, ವಂಶವೃಕ್ಷ, ಮೈದುನರ ಒಪ್ಪಿಗೆ, ತಕರಾರಿಗೆ ಕೊಟ್ಟ ಅವಧಿ ಇವನ್ನೆಲ್ಲ ದಾಟಿದ ಮೇಲೆಯೇ ಪೌತಿ ಖಾತೆಯಾಗಬೇಕು. ಒಂದೇ ಸರ್ವೆ ನಂಬರಿನಲ್ಲಿ ಹಲವರ ಪಾಲು ಬೆರೆತಿದ್ದರೆ ಅಳತೆಮಾಡಿ ಪೋಡಿ ಮಾಡಿಸಬೇಕು. ಇವು ಕ್ಲೌಡಿನಲ್ಲಿ ನಡೆಯುವ ಕೆಲಸಗಳಲ್ಲ. ಹೊಲದಲ್ಲಿ, ಜಗಲಿಯ ಮೇಲೆ, ತಹಸೀಲ್ದಾರರ ಮುಂದೆ ನಡೆಯುವಂಥವು. ತೆರೆದ ದಾಖಲೆಯು ಹಣವಂತನಿಗೂ ತೆರೆದಿರುತ್ತದೆ ಎಂಬುದನ್ನೂ ಮರೆಯುವಂತಿಲ್ಲ. 'ಭೂಮಿ'ಯನ್ನು ಅಭ್ಯಾಸಮಾಡಿದ ಕೆಲವು ವಿದ್ವಾಂಸರು, ಬೆಂಗಳೂರಿನ ಸುತ್ತ ಭೂವ್ಯಾಪಾರ ಮಾಡುವವರಿಗೇ ಈ ಏರ್ಪಾಡು ಹೆಚ್ಚು ಅನುಕೂಲವಾಯಿತೆಂದು 2007ರಲ್ಲೇ ಬರೆದರು.

ಪಹಣಿಯೇ ಇಲ್ಲದ ನೆಲದ ಪ್ರಶ್ನೆಯಂತೂ ಇನ್ನೂ ಜಟಿಲ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟವನ್ನೇರಿದರೆ ಸೋಲಿಗರ ಪೋಡುಗಳು ಸಿಗುತ್ತವೆ. (ಸರ್ವೆಯ ಪೋಡಿಗೂ ಸೋಲಿಗರ ಪೋಡಿಗೂ ಕಿವಿಗೆ ಕೇಳುವ ಹೋಲಿಕೆಯನ್ನು ಕಂಡು ಮೋಸಹೋಗಬಾರದು, ಇದು ಕಾಡಿನ ನಡುವಣ ಹಾಡಿ.) ಅವರು ತಲೆಮಾರುಗಳಿಂದ ಬಾಳಿದ ನೆಲವು ಸರಕಾರದ ಪುಸ್ತಕದಲ್ಲಿ ಬರಿಯ ಅರಣ್ಯ. ಅಲ್ಲಿ ಒಂಬತ್ತನೆಯ ಅಂಕಣವೂ ಇಲ್ಲ, ಹನ್ನೆರಡನೆಯದೂ ಇಲ್ಲ. ಆದರೆ ಸೋಲಿಗರ ನೆನಪಿನಲ್ಲಿ ಆ ಕಾಡಿಗೆ ಖಚಿತವಾದ ಗಡಿಗಳಿವೆ. ಒಂದೊಂದು ಕುಲಕ್ಕೂ ಒಂದೊಂದು 'ಎಲ್ಲೆ'. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರರ ತಾಣ, ಹಿರಿಯರ ಕಲ್ಲುಗುಡಿ, ನೀರಿನ ಅಬ್ಬಿ. ಬೆಂಗಳೂರಿನ 'ಏಟ್ರೀ' ಸಂಶೋಧನಾ ಸಂಸ್ಥೆಯವರೂ ಸೋಲಿಗರೂ ಜೊತೆಗೂಡಿ, ಹಿರಿಯರು ತೋರಿಸಿದ ಒಂದೊಂದು ತಾಣಕ್ಕೂ ಕಾಲ್ನಡಿಗೆಯಲ್ಲಿ ಹೋಗಿ, ಉಪಗ್ರಹದ ನೆರವಿನಿಂದ ಸ್ಥಾನವನ್ನು ಗುರುತಿಸುವ ಜಿ.ಪಿ.ಎಸ್. ಉಪಕರಣದಿಂದ ಬರೆದುಕೊಂಡರು. ಹೀಗೆ ನಾನೂರಕ್ಕೂ ಹೆಚ್ಚು ತಾಣಗಳುಳ್ಳ ನಕ್ಷೆ ಸಿದ್ಧವಾಯಿತು. ಸರಕಾರವು ಕೂಡಿಸಿ ಜನರಿಗೆ ತೆರೆದ ದತ್ತಾಂಶ ಇದಲ್ಲ. ಜನರೇ ಕೂಡಿಸಿ ಸರಕಾರಕ್ಕೆ ತೋರಿಸಬಹುದಾದ ದತ್ತಾಂಶ. ಇದರಲ್ಲಿ ಎಷ್ಟನ್ನು ಹೊರಗಿನವರಿಗೆ ತೆರೆಯಬೇಕು, ಎಷ್ಟನ್ನು ಕುಲದೊಳಗೇ ಇಟ್ಟುಕೊಳ್ಳಬೇಕು ಎಂಬುದನ್ನು ನಿರ್ಧರಿಸುವ ಹಕ್ಕೂ ನ್ಯಾಯವಾಗಿ ಅವರದೇ.

2006ರ ಅರಣ್ಯಹಕ್ಕು ಶಾಸನದ ಮೇರೆಗೆ ಹಕ್ಕು ಕೇಳಿದ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯಹಕ್ಕುಗಳು ದೊರೆತವು. ದೇಶದ ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂತಹ ಹಕ್ಕು ಮನ್ನಣೆ ಪಡೆದುದು ಅದೇ ಮೊದಲು. ಜೇನು, ನೆಲ್ಲಿಕಾಯಿ, ಪಾಚಿ ಮೊದಲಾದ ಕಿರು ಅರಣ್ಯೋತ್ಪನ್ನಗಳನ್ನು ಕೂಡಿಸುವ ಹಕ್ಕು ಗ್ರಾಮಸಭೆಗಳ ಹೆಸರಿಗೆ ಬಂದಿತು. ಪಹಣಿಯ ಯಾವ ಅಂಕಣದಲ್ಲೂ ಸ್ಥಳವಿಲ್ಲದಿದ್ದ ಅಬ್ಬಿಗಳೂ ಕಲ್ಲುಗುಡಿಗಳೂ ಸೋಲಿಗರ ನಕ್ಷೆಯಲ್ಲಿ ಒಂದೊಂದು ಚುಕ್ಕೆಯಾಗಿ ಉಳಿದಿವೆ.